ಅಪ್ಪನ ಕಣ್ಣಿನ ಸುದ್ದಿ

ಮಾರ್ಚ್ ೪, ಸೋಮವಾರ

ಅಪ್ಪ ಇವತ್ತೂ ಬಾಗಿಲ ಚೌಕಟ್ಟಿಗೆ ಭುಜ ಹೊಡೆದುಕೊಂಡ. "ನೋಡ್ಕೊಂಡು ನಡಿ" ಅಂದೆ. "ಬಾಗಿಲೂ ಸ್ವಲ್ಪ ನೋಡ್ಕೊಂಡು ನಿಂತ್ಕೋಬೇಕಮ್ಮ" ಅಂದ.

ಅಂದ ಎಂದರೆ ಕೈಯಲ್ಲಿ ಅಂದ. ಅಪ್ಪನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ತೀರಿಹೋದ ಅಮ್ಮನಿಗೂ ಕೇಳುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಮಾತೆಂದರೆ ಕೈಮಾತೇ. ಬಾಯಿಮಾತನ್ನು ನಾನು ಆಮೇಲೆ ಕಲಿತದ್ದು, ಅಪ್ಪನ ಅಕ್ಕನಿಂದ. ಬರೆಯುವಾಗ ಎರಡನ್ನೂ ಒಂದೇ ಥರ ಬರೆದುಬಿಡುತ್ತೇನೆ, ಯಾಕೆಂದರೆ ನನ್ನ ತಲೆಯೊಳಗೆ ಎರಡೂ ಒಂದೇ.

ಕೆಲಸ ಮುಗಿಸಿ ಅಪ್ಪನ ಸೋಫಾ ರಿಪೇರಿ ಅಂಗಡಿಯ ಕಡೆ ಹೋದೆ. ಅಪ್ಪ ಹಳೆಯ ಸೋಫಾ ಒಂದಕ್ಕೆ ಹೊಸ ಬಟ್ಟೆ ಹೊದಿಸುತ್ತಿದ್ದ. ಸಣ್ಣ ಮೊಳೆಗಳು ತುಟಿಗಳ ನಡುವೆ, ಸುತ್ತಿಗೆ ಬಲಗೈಯಲ್ಲಿ. ನಾಲಿಗೆಯಿಂದ ಒಂದೊಂದೇ ಮೊಳೆ ಮುಂದೆ ತಳ್ಳುವುದು, ತೆಗೆದು ಹೊಡೆಯುವುದು. ಬಾಯಿ ಕೈ ಎರಡೂ ಕೆಲಸದಲ್ಲಿರುವಾಗ ಅಪ್ಪನಷ್ಟು ಮೌನಿ ಇನ್ನೊಬ್ಬರಿಲ್ಲ. ಪಕ್ಕದಲ್ಲಿ ನಿಂತು ಎರಡು ಸಲ ಕೈ ಬೀಸಿದೆ. ತಿರುಗಲಿಲ್ಲ. ಬೇಕೆಂದೇ ಹೀಗೆ ಮಾಡುತ್ತಾನೆ ಅಂತ ಸಿಟ್ಟು ಬಂತು.

ಆಮೇಲೆ ನೋಡಿದರೆ ಸೋಫಾದ ಎಡ ಅಂಚಿನಲ್ಲಿ ಒಂದು ಗೇಣಿನಷ್ಟು ಜಾಗದಲ್ಲಿ ಮೊಳೆಯೇ ಇಲ್ಲ, ಬಟ್ಟೆ ಜೋತು ಬಿದ್ದಿದೆ. ತೋರಿಸಿದೆ. ತುಂಬ ಹೊತ್ತು ಅದನ್ನೇ ನೋಡಿದ. "ಹೊಡೆದಿದ್ದೆ" ಅಂದ. ಹೊಡೆದಿರಲಿಲ್ಲ.

ಗುರುವಾರ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಅವನನ್ನು ಕೇಳಿಲ್ಲ. ಕೇಳಿದರೆ ಬೇಡ ಅನ್ನುತ್ತಾನೆ.

ಮಾರ್ಚ್ ೭, ಗುರುವಾರ

ಇಡೀ ದಿನ ಆಸ್ಪತ್ರೆಯಲ್ಲೇ ಹೋಯಿತು.

ದೊಡ್ಡ ಬಿಳಿ ಬಟ್ಟಲಿನಂಥ ಯಂತ್ರ. ಅದರೊಳಗೆ ಮುಖವಿಟ್ಟು, ಗಲ್ಲ ಊರಿ, ನಡುವಿನ ಚುಕ್ಕಿಯನ್ನೇ ನೋಡುತ್ತಿರಬೇಕು. ಅಲ್ಲಲ್ಲಿ ಸಣ್ಣ ಬೆಳಕು ಮಿನುಗಿದಾಗ ಕೈಯಲ್ಲಿರುವ ಗುಂಡಿ ಒತ್ತಬೇಕು. ಪರೀಕ್ಷೆ ಮಾಡುವವಳು "ನೇರ ನೋಡಿ ಅಂತ ಅವರಿಗೆ ಹೇಳ್ತಾ ಇರಿ" ಅಂದಳು. ಮುಖ ಬಟ್ಟಲೊಳಗಿದ್ದರೆ ನನ್ನ ಕೈ ಅವನಿಗೆ ಹೇಗೆ ಕಾಣಬೇಕು? ಮೊದಲೇ ಎಲ್ಲ ಹೇಳಿ ಕೂರಿಸಿದೆ. ಅಪ್ಪನಿಗೆ ಆಟ ಸಿಕ್ಕಿದ ಹಾಗಾಯಿತು. ಹೊರಗೆ ಬಂದು "ಒಂದನ್ನೂ ಬಿಡಲಿಲ್ಲ" ಅಂದ. ಯಂತ್ರದಿಂದ ಬಂದ ಕಾಗದದ ಅಂಚೆಲ್ಲ ಕಪ್ಪಾಗಿತ್ತು, ಎಡಗಡೆ ಹೆಚ್ಚು.

ಡಾಕ್ಟರು ಹೆಂಗಸು, ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಒಳ್ಳೆಯವರು. ನನ್ನನ್ನೇ ನೋಡಿಕೊಂಡು ಹೇಳುತ್ತ ಹೋದರು. "ಇದಕ್ಕೆ ಗ್ಲಾಕೋಮಾ ಅಂತಾರೆ. ಕಣ್ಣಿನ ಒಳಗೆ ಸ್ವಲ್ಪ ನೀರು ಊರ್ತಾ ಇರುತ್ತೆ, ಹರಿದು ಹೋಗ್ತಾ ಇರುತ್ತೆ. ಹೋಗೋ ದಾರಿ ಕಟ್ಟಿಕೊಂಡ್ರೆ ಒಳಗೆ ಒತ್ತಡ ಏರುತ್ತೆ. ಹಿಂದೆ ಮಿದುಳಿಗೆ ಹೋಗೋ ನರ ಇದೆ ನೋಡಿ, ಆ ಒತ್ತಡಕ್ಕೆ ಅದು ಸಾಯುತ್ತೆ. ಮೊದಲು ಪಕ್ಕದ ನೋಟ ಹೋಗುತ್ತೆ. ಹೋಗಿರೋದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೋಬೇಕು, ಅಷ್ಟೇ. ಈ ಹನಿ ಒಂದು ದಿನಾನೂ ತಪ್ಪಬಾರದು."

ಅಪ್ಪ ನನ್ನ ಕೈಯನ್ನೇ ನೋಡುತ್ತಿದ್ದ. ಕಿವಿ ಕೇಳುವವರು ಹೀಗೆ ಯಾರನ್ನೂ ನೋಡುವುದಿಲ್ಲ.

"ಕಣ್ಣೊಳಗೆ ನೀರು ಕಟ್ಟಿಕೊಂಡಿದೆಯಂತೆ" ಅಂದೆ. "ದಿನಾ ಒಂದು ಹನಿ ಔಷಧ. ನಿಧಾನವಾಗಿ ಸರಿಹೋಗುತ್ತಂತೆ."

"ಹೇಳಿದ್ರಾ ಎಲ್ಲಾ?" ಡಾಕ್ಟರು ಕೇಳಿದರು.

"ಹೇಳಿದೆ."

ಇದರಲ್ಲಿ ತಪ್ಪೇನಿದೆ. ಲಿಫ್ಟ್ ಕಂಪನಿಯ ಫೋನಿನ ಮುಂದೆ ಕೂತು ದಿನವೂ ನಾನು ಮಾಡುವುದು ಇದನ್ನೇ. ಎರಡು ಮಹಡಿಗಳ ನಡುವೆ ಸಿಕ್ಕಿಬಿದ್ದವರು ಫೋನ್ ಮಾಡುತ್ತಾರೆ, ಮೆಕ್ಯಾನಿಕ್ ಇನ್ನೂ ಊಟದ ಡಬ್ಬಿ ತೊಳೆಯುತ್ತಿರುತ್ತಾನೆ, "ಹೊರಟಿದ್ದಾರೆ, ಐದೇ ನಿಮಿಷ" ಅನ್ನುತ್ತೇನೆ. ಆ ಐದು ನಿಮಿಷವಾದರೂ ಅವರು ಉಸಿರಾಡಲಿ ಅಂತ.

ಮಾರ್ಚ್ ೧೦, ಭಾನುವಾರ

ಮೀಸೆ ಮಾಮ ಬೆಳಿಗ್ಗೆಯೇ ಬಂದ. ಬೀಗ ರಿಪೇರಿ ಮಾಡುವವನು. ಅವನಿಗೂ ಕಿವಿ ಕೇಳುವುದಿಲ್ಲ, ಅಪ್ಪನ ಶಾಲೆಯ ಗೆಳೆಯ. ಕೈಮಾತಿನಲ್ಲಿ ಪ್ರತಿಯೊಬ್ಬರಿಗೂ ಒಂದು ಗುರುತು, ಅದೇ ಹೆಸರು. ಮಾಮ ಮೀಸೆ ಬೋಳಿಸಿ ಎಷ್ಟೋ ವರ್ಷವಾಯಿತು, ಹೆಸರು ಮಾತ್ರ ಹೋಗಿಲ್ಲ. ನನ್ನದು ಕೆನ್ನೆಗುಳಿ. ಡಾಕ್ಟರಿಗೆ ಅಪ್ಪ ಆಗಲೇ ಟಾರ್ಚು ಅಂತ ಇಟ್ಟಾಗಿದೆ.

ಆಸ್ಪತ್ರೆಯಲ್ಲಿ ಕೊಟ್ಟ ಹಾಳೆಯನ್ನು ಮೇಜಿನ ಮೇಲೆ ಹರಡಿ ಒಂದೊಂದು ಪದಕ್ಕೂ ಅರ್ಥ ಹೇಳು ಅಂತ ಇಬ್ಬರೂ ಕೂತರು. ಇಂಥ ಪದಗಳಿಗೆ ನಮ್ಮಲ್ಲಿ ಗುರುತೇ ಇಲ್ಲ. ಮಾಡಿಕೊಳ್ಳಬೇಕು.

ಗ್ಲಾಕೋಮಾ ಸುಲಭವಾಯಿತು: ಕಣ್ಣು, ಆಮೇಲೆ ಕಟ್ಟಿಕೊಂಡ ಬಚ್ಚಲು. ದೃಷ್ಟಿ ಕ್ಷೇತ್ರ ಅಂದರೆ ಕಣ್ಣು ಅಲ್ಲಾಡಿಸದೆ ಎಷ್ಟು ಅಗಲ ಕಾಣುತ್ತದೋ ಅಷ್ಟು. ಅಪ್ಪ ಮೇಜಿನ ಮೇಲೆ ಬಟ್ಟೆ ಹರಡುವ ಹಾಗೆ ಎರಡೂ ಕೈ ಚಾಚಿ, ಅಂಚಿನಲ್ಲಿ ಬೆರಳುಗಳನ್ನು ಸಡಿಲ ಬಿಟ್ಟ. ನೂಲು ಬಿಟ್ಟುಕೊಳ್ಳುತ್ತಿರುವ ಅಂಚು. ನೋಡಿದವಳೇ ಬೇಗ ಮುಂದಿನ ಪದಕ್ಕೆ ಹೋದೆ.

ಕ್ರಾನಿಕ್ ಅಂದರೆ ಬಹಳ ಕಾಲ ಇರುವ ಕಾಯಿಲೆ ಅಂದೆ. ಮೀಸೆ ಮಾಮ ಎದ್ದು ನಿಂತು, ಮನೆಗೆ ಬಂದ ನೆಂಟ ಅಂಗಿ ಬಿಚ್ಚಿ ಗೂಟಕ್ಕೆ ತೂಗುಹಾಕಿ ಕಾಲು ಚಾಚಿ ಕೂತದ್ದನ್ನು ಮಾಡಿ ತೋರಿಸಿದ. ಅಂಗಿ ತೂಗುಹಾಕುವ ಕೈ ಗುರುತಾಗಿ ನಿಂತಿತು.

"ಲಕ್ಷಣರಹಿತ?" ಅಪ್ಪ ಕೇಳಿದ.

"ನೋವಿಲ್ಲ, ಉರಿಯಿಲ್ಲ, ಏನೂ ಗೊತ್ತಾಗಲ್ಲ. ಒಳಗೇ ಕೆಲಸ ಮಾಡ್ತಿರುತ್ತೆ. ಸದ್ದಿಲ್ಲದೆ ಮನೆಗೆ ಬರೋ ಕಳ್ಳನ ಹಾಗೆ."

"ನಮ್ಮನೆಗೆ ಬರೋ ಕಳ್ಳರೆಲ್ಲ ಹಾಗೇ ತಾನೆ" ಅಂದ ಅಪ್ಪ. ಮಾಮ ಮೇಜು ಗುದ್ದಿ ಗುದ್ದಿ ನಕ್ಕ. ಕೆಳಗಿನ ಮನೆಯವರು ಕೋಲಿನಿಂದ ಚಾವಣಿ ಕುಟ್ಟಿದರು. ಕೇಳಿಸಿದ್ದು ನನಗೊಬ್ಬಳಿಗೇ.

ಮಾರ್ಚ್ ೨೨, ಶುಕ್ರವಾರ

ಒಂದೇ ದಿನ ಮೂವರು ಸಿಕ್ಕಿಬಿದ್ದಿದ್ದರು. ಎಲ್ಲರಿಗೂ ಐದು ನಿಮಿಷ. ಸುಸ್ತಾಗಿದೆ.

ಏಪ್ರಿಲ್ ೧೪, ಭಾನುವಾರ

ಅತ್ತೆ ಬಂದಿದ್ದಳು. ಎಂದಿನ ಹಾಗೆ ತಮ್ಮನ ಮುಂದೆ ಕೂತು ಗಂಟಲು ಹರಿಯುವ ಹಾಗೆ ಕೂಗಿ ಮಾತಾಡಿದಳು. ಇಷ್ಟು ವರ್ಷವಾದರೂ, ಇನ್ನೊಂದು ಸ್ವಲ್ಪ ಜೋರಾಗಿ ಕೂಗಿದರೆ ಕೇಳಿಸೀತು ಅನ್ನುವ ಆಸೆ ಅವಳಿಗೆ. ಅಪ್ಪ ತಲೆ ಅಲ್ಲಾಡಿಸುತ್ತ ಕೂತಿದ್ದ. ಅದೂ ಒಂದು ಪ್ರೀತಿಯೇ.

"ಇವನ ರೆಪ್ಪೆ ನೋಡೇ, ಮದುವೆ ಹೆಣ್ಣಿನ ಹಾಗಾಗಿದೆ" ಅಂದಳು. ನಿಜ, ರೆಪ್ಪೆಗೂದಲು ಉದ್ದವಾಗಿದೆ. ಹಾಳೆಯಲ್ಲಿ ಬರೆದಿತ್ತು, ಈ ಹನಿಯ ಸೈಡ್ ಎಫೆಕ್ಟ್. ಹಾಗಂದರೇನು ಅಂತ ಅಪ್ಪ ಕೇಳಿದ. ಔಷಧ ತನ್ನ ಕೆಲಸದ ಜೊತೆಗೆ, ಹೇಳದೇ ಇದ್ದದ್ದನ್ನೂ ಮಾಡುವುದು ಅಂದೆ. "ಅಕ್ಕನ ಹಾಗೆ" ಅಂದ. ಏನಂದ ಅಂತ ಅತ್ತೆ ಕೇಳಿದಳು. ನಿನ್ನನ್ನು ಹೊಗಳಿದ ಅಂದೆ.

ಹನಿ ಹಾಕಿದರೆ ಕಣ್ಣು ಉರಿಯುತ್ತದಂತೆ. ಎರಡು ಸಲ ಹೇಳಿದ. ಪಾತ್ರೆ ತೊಳೆಯುತ್ತ "ಸ್ವಲ್ಪ ತಡ್ಕೋ" ಅಂದೆ. ನೋಡಿದನೋ ಇಲ್ಲವೋ, ಒದ್ದೆ ಕೈಯಲ್ಲಿ ಹೇಳಿದ್ದು.

ಮೇ ೬, ಸೋಮವಾರ

ಅದೇ ಬಟ್ಟಲು, ಅದೇ ಗುಂಡಿ. ಕಾಗದದ ಕಪ್ಪು ಒಳಗೆ ಬಂದುಬಿಟ್ಟಿದೆ. ಒತ್ತಡವೂ ಮೊದಲಿಗಿಂತ ಹೆಚ್ಚು.

"ಹನಿ ಹಾಕ್ಕೊಳ್ತಿದ್ದಾರಾ?" ಡಾಕ್ಟರು ಕೇಳಿದರು. ನಾನು ಅಪ್ಪನನ್ನು ಕೇಳಿದೆ. ಮುಚ್ಚುಮರೆಯೇ ಇಲ್ಲದೆ ಹೇಳಿದ: "ಉರಿ ಜಾಸ್ತಿ ಆಯ್ತು, ಬಿಟ್ಟುಬಿಟ್ಟೆ. ಹೇಗೂ ಸರಿಹೋಗುತ್ತಲ್ಲ, ಸ್ವಲ್ಪ ತಡವಾಗಿ ಹೋಗಲಿ."

ಅದನ್ನು ಬಾಯಿಮಾತು ಮಾಡುವಾಗ "ಕೆಲವು ದಿನ ತಪ್ಪಿದೆಯಂತೆ" ಅಂದೆ.

"ವಾಪಸ್ ಬರಲ್ಲ ಅಂತ ಅವರಿಗೆ ಗೊತ್ತು ತಾನೆ?"

"ಗೊತ್ತು."

ಎರಡು ಕಡೆಗೂ ಸುಳ್ಳು ಹೇಳಿ ಬಂದೆ. ದಾರಿಯುದ್ದಕ್ಕೂ ಅಪ್ಪ ಒಂದು ಕೈಯಲ್ಲಿ ನನ್ನ ತೋಳು ಹಿಡಿದು, ಇನ್ನೊಂದು ಕೈಯಲ್ಲಿ ಕಿಟಕಿಯಲ್ಲಿ ಕಂಡ ನಾಯಿಯ ಕಥೆ ಹೇಳಿದ.

ಮೇ ೭, ಮಂಗಳವಾರ

ಏನೂ ಬರೆಯಲಾರೆ.

ಮೇ ೧೨, ಭಾನುವಾರ

ಅಪ್ಪ ಮೀಸೆ ಮಾಮನ ಅಂಗಡಿಯಿಂದ ಬಂದ. ಚಪ್ಪಲಿ ಬಿಟ್ಟ, ಕೈ ತೊಳೆದ, ನನ್ನೆದುರು ಕುರ್ಚಿ ಎಳೆದುಕೊಂಡು ಕೂತ. ಮಾಮನ ಅಕ್ಕನಿಗೂ ಇದೇ ಕಾಯಿಲೆ ಇತ್ತಂತೆ.

"ಹೋದ ನೋಟ ಬರಲ್ವಂತೆ" ಅಂದ.

ನನ್ನ ಕೈಯನ್ನೇ ನೋಡುತ್ತ ಕೇಳಿದ:

"ಟಾರ್ಚು ಅದನ್ನ ಹೇಳಿದ್ಲಾ?"

"ಹೇಳಿದ್ರು."

"ಯಾವತ್ತು?"

"ಮೊದಲನೇ ದಿನಾನೇ."

ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. "ಅವಳ ಬಾಯಿ ಅಷ್ಟು ಹೊತ್ತು ಅಲ್ಲಾಡ್ತು" ಅಂದ. "ನಿನ್ನ ಕೈ ಇಷ್ಟೇ ಇಷ್ಟು. ಆವತ್ತೇ ನನಗೆ ಹೊಳೀಬೇಕಿತ್ತು."

"ನಿನಗೆ ನೋವಾಗಬಾರದು ಅಂತ ಅಪ್ಪ."

"ನೋವು ನನ್ನದು. ಕಣ್ಣೂ ನನ್ನದೇ. ಅದರ ಸುದ್ದಿ ನಿನ್ನ ಹತ್ತಿರ ಯಾಕಿತ್ತು?"

ಆಮೇಲೆ, "ಚಿಕ್ಕ ವಯಸ್ಸಲ್ಲಿ ದೊಡ್ಡೋರು ಮಾತಾಡ್ತಿದ್ರು, ನಗ್ತಿದ್ರು. ಏನು ಅಂತ ಕೇಳಿದ್ರೆ ಏನಿಲ್ಲ ಏನಿಲ್ಲ ಅಂತ ಕೈ ಆಡಿಸ್ತಿದ್ರು. ನೀನು ಹುಟ್ಟಿದ ಮೇಲೆ ಆ ಏನಿಲ್ಲ ಮುಗೀತು ಅಂದ್ಕೊಂಡಿದ್ದೆ" ಅಂದ.

ಎದ್ದು ಹೋಗಿ ಹನಿ ಹಾಕಿಕೊಂಡ. ಕಣ್ಣು ಮುಚ್ಚಿ ಕೂತಿದ್ದವನ ಕೆನ್ನೆಯ ಮೇಲೆ ಇಳಿದದ್ದು ಔಷಧವೋ ಏನೋ. ಕಣ್ಣು ಮುಚ್ಚಿದ್ದರಿಂದ ನಾನು ಏನೂ ಹೇಳುವಂತಿರಲಿಲ್ಲ.

ಮೇ ೧೫, ಬುಧವಾರ

ರಜೆ ಹಾಕಿ ಅಪ್ಪನ ಜೊತೆ ಡಾಕ್ಟರ ಹತ್ತಿರ ಹೋದೆ. ಒಳಗೆ ಹೋದ ಕೂಡಲೇ, ಮೊದಲ ದಿನ ನಾನು ಪೂರ್ತಿ ಹೇಳಿರಲಿಲ್ಲ, ಇನ್ನೊಮ್ಮೆ ಹೇಳಿ, ಈ ಸಲ ಹೇಳುತ್ತೇನೆ ಅಂದೆ. ಡಾಕ್ಟರು ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಕುರ್ಚಿಯನ್ನು ಅಪ್ಪನ ಕಡೆ ತಿರುಗಿಸಿಕೊಂಡು ಅವನನ್ನೇ ನೋಡುತ್ತ ಶುರು ಮಾಡಿದರು. ನಾನು ಅವರ ಹೆಗಲ ಹಿಂದೆ ಹೋಗಿ ನಿಂತೆ, ಅಪ್ಪನಿಗೆ ಅವರ ಮುಖ, ನನ್ನ ಕೈ ಎರಡೂ ನೇರಕ್ಕೆ ಸಿಗಲಿ ಅಂತ.

ಅಪ್ಪ ಕೇಳಿದ್ದು: "ಪೂರ್ತಿ ಹೋಗುತ್ತಾ?"

"ಏನೂ ಮಾಡದೇ ಇದ್ರೆ ಹೋಗಬಹುದು. ಹನಿ ಒಂದೇ ಇನ್ನು ಸಾಕಾಗಲ್ಲ. ಆಪರೇಷನ್ ಮಾಡಿ ನೀರು ಹೋಗೋಕೆ ಒಂದು ಸಣ್ಣ ಕಿಂಡಿ ಮಾಡ್ತೀನಿ. ಆಗ ಇರೋದನ್ನ ಉಳಿಸೋ ಅವಕಾಶ ಚೆನ್ನಾಗಿದೆ. ಗ್ಯಾರಂಟಿ ಕೊಡಲ್ಲ."

"ಕಣ್ಣು ಪೂರ್ತಿ ಹೋದ್ರೆ ನನಗೆ ಮಾತೂ ಹೋಗುತ್ತೆ" ಅಂದ ಅಪ್ಪ. ಅದನ್ನು ಬಾಯಿಂದ ಹೇಳುವಾಗ ಒಂದು ಪದ ಬಿಡಲಿಲ್ಲ.

"ಗೊತ್ತು. ಅದಕ್ಕೇ ಬೇಗ ಮಾಡೋಣ ಅಂತಿದೀನಿ" ಅಂದರು ಡಾಕ್ಟರು.

ತೊಡಕು ಒಂದೇ. ಅಪ್ಪನ ಹೃದಯ ಬಡಿತ ಸರಿಯಿಲ್ಲ, ಪೂರ್ತಿ ಎಚ್ಚರ ತಪ್ಪಿಸುವುದು ಒಳ್ಳೆಯದಲ್ಲವಂತೆ. ಕಣ್ಣನ್ನು ಮಾತ್ರ ಮರಗಟ್ಟಿಸುತ್ತಾರೆ, ಅಷ್ಟಕ್ಕೆ ಲೋಕಲ್ ಅರಿವಳಿಕೆ ಅನ್ನುತ್ತಾರೆ. ಮುಖದ ಮೇಲೆಲ್ಲ ಬಟ್ಟೆ. ಎಚ್ಚರವಿರುತ್ತದೆ, ಆದರೆ ಏನೂ ಕಾಣುವುದಿಲ್ಲ. ಬೇರೆಯವರಿಗಾದರೆ ಅಲ್ಲಾಡಬೇಡಿ, ಮುಗೀತು ಅಂತ ಕಿವಿಗೆ ಹೇಳಬಹುದು. ಅಪ್ಪನಿಗೆ?

ಡಾಕ್ಟರು ಯೋಚಿಸುತ್ತಿದ್ದರು. ಅಪ್ಪ ನನ್ನ ಕೈ ಎಳೆದು ತನ್ನ ಅಂಗೈ ಮೇಲಿಟ್ಟುಕೊಂಡು ಅವರಿಗೆ ತೋರಿಸಿದ.

ಮೇ ೨೬, ಭಾನುವಾರ

ಹತ್ತು ದಿನದಿಂದ ಅಂಗೈ ಪಾಠ. ಅಪ್ಪ ಸೋಫಾದಲ್ಲಿ ಮಲಗಿ ಮುಖಕ್ಕೆ ಟವೆಲ್ಲು ಹಾಕಿಕೊಳ್ಳುತ್ತಾನೆ, ನಾನು ಅವನ ಎಡ ಅಂಗೈಯಲ್ಲಿ ಮಾತಾಡುತ್ತೇನೆ. ಒಂದು ತಟ್ಟು, ಅಲ್ಲಾಡಬೇಡ. ಉದ್ದ ಗೆರೆ, ಇನ್ನೂ ಹೊತ್ತಿದೆ. ಸುತ್ತು, ಮುಗೀತು. ಉಳಿದದ್ದಕ್ಕೆಲ್ಲ ನಮ್ಮ ಮಾಮೂಲಿ ಗುರುತುಗಳನ್ನೇ ಅವನ ಕೈಯೊಳಗೆ ಮಾಡುತ್ತೇನೆ. ಗೊತ್ತಾಯಿತು ಅನ್ನುವುದಕ್ಕೆ ಅವನು ನನ್ನ ಹೆಬ್ಬೆರಳನ್ನು ಎರಡು ಸಲ ಒತ್ತಬೇಕು.

ಮೊದಲ ದಿನ "ಸೂಜಿ ಹಾಕ್ತಾರೆ" ಅಂದದ್ದಕ್ಕೆ "ಸೊಳ್ಳೆ ಬಂತಾ?" ಅಂತ ಎದ್ದು ಕೂತ. ಮೀಸೆ ಮಾಮ ಅಡುಗೆಮನೆಯ ಏಪ್ರನ್ ಕಟ್ಟಿಕೊಂಡು ಡಾಕ್ಟರಾಗಿದ್ದ, ನಡುನಡುವೆ ಅಪ್ಪನ ಕಾಲಿಗೆ ಕಚಗುಳಿ ಇಟ್ಟು ಅಲ್ಲಾಡುತ್ತಾನೋ ನೋಡುತ್ತಿದ್ದ. ನಿನ್ನೆ ಒಂದು ಇಡೀ ಜೋಕನ್ನು ಅಂಗೈಯಲ್ಲೇ ಹೇಳಿ ಮುಗಿಸಿದೆ. ಟವೆಲ್ಲು ನಗುವಿಗೆ ಕುಣಿಯಿತು.

ಅಪ್ಪನ ಅಂಗೈ ಎಷ್ಟು ಒರಟು ಅಂತ ಗೊತ್ತೇ ಇರಲಿಲ್ಲ. ಚಿಕ್ಕವಳಿದ್ದಾಗ ಹಿಡಿದದ್ದಷ್ಟೇ.

ಮೇ ೩೦, ಗುರುವಾರ

ಒಬ್ಬ ಹೆಂಗಸು ಲಿಫ್ಟಿನಲ್ಲಿ ಸಿಕ್ಕಿಬಿದ್ದು ಅಳುತ್ತಿದ್ದಳು. ಮೆಕ್ಯಾನಿಕ್ ಊರಿನ ಆ ತುದಿಯಲ್ಲಿದ್ದ. "ಮುಕ್ಕಾಲು ಗಂಟೆ ಆಗುತ್ತಮ್ಮ, ಕೂತ್ಕೊಳ್ಳಿ, ಗಾಳಿ ಬರ್ತಿರುತ್ತೆ, ನಾನು ಫೋನ್ ಇಡಲ್ಲ" ಅಂದೆ. ಸ್ವಲ್ಪ ಹೊತ್ತಿಗೆ ಅಳು ನಿಲ್ಲಿಸಿ ತನ್ನ ಮಕ್ಕಳ ವಿಷಯ ಹೇಳತೊಡಗಿದಳು. ಹಾಗೆಲ್ಲ ಸಮಯ ಹೇಳಬಾರದು ಅಂತ ಮೇಲಿನವರು ಆಮೇಲೆ ಕರೆದು ಬೈದರು. ಯಾಕೆ ಹೇಳಿದೆನೋ, ಬಾಯಿಗೆ ಬಂತು.

ಆಪರೇಷನ್ ದಿನಕ್ಕೆ ಅಪ್ಪನಿಗೆ ಮೃದು ಕಾಲರಿನ ಅಂಗಿ ತರಬೇಕು.

ಜೂನ್ ೬, ಗುರುವಾರ

ಮುಗಿಯಿತು. ಈಗಲೇ ಬರೆದಿಡುತ್ತೇನೆ.

ನನಗೂ ಹಸಿರು ಗೌನು, ಟೋಪಿ, ಮಾಸ್ಕು ಹಾಕಿಸಿ ಒಳಗೆ ಬಿಟ್ಟರು. ಅಪ್ಪನ ಎಡಗೈಯ ಹತ್ತಿರ ಸ್ಟೂಲು. ಮುಖಕ್ಕೆ ಬಟ್ಟೆ ಹೊದಿಸುವ ಮುಂಚೆ ಅವನು ನನ್ನನ್ನು ನೋಡಿ ಕೆನ್ನೆಗೆ ಬೆರಳು ಚುಚ್ಚಿದ. ಕೆನ್ನೆಗುಳಿ. ನನ್ನನ್ನು ಕರೆದದ್ದು, ಅಷ್ಟೇ. ಆಮೇಲೆ ಬಟ್ಟೆ ಬಂತು.

ಸೂಜಿ, ಅಂದೆ. ಎರಡು ಸಲ ಒತ್ತಿದ. ಈಗ ಮರಗಟ್ಟುತ್ತೆ. ಒತ್ತಿದ. ಶುರು ಮಾಡಿದ್ರು. ಒತ್ತಿದ. ಎಲ್ಲ ಸರಿಯಾಗಿಯೇ ಹೋಗುತ್ತಿತ್ತು. ಇದ್ದಕ್ಕಿದ್ದಂತೆ ಡಾಕ್ಟರು ಮಾತು ನಿಲ್ಲಿಸಿದರು. ನರ್ಸು ಬೇಗ ಬೇಗ ಹತ್ತಿ ಕೊಡತೊಡಗಿದಳು. ಯಾರೂ ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ನನ್ನ ಕೈ ನಿಂತದ್ದು ಅಪ್ಪನಿಗೆ ಗೊತ್ತಾಗಿಬಿಟ್ಟಿತು. ಅವನ ಕಾಲು ಸಣ್ಣಗೆ ನಡುಗಲು ಶುರುವಾಯಿತು.

"ಅಲ್ಲಾಡದೇ ಇರೋಕೆ ಹೇಳಿ" ಅಂದರು ಡಾಕ್ಟರು.

ತಟ್ಟಿದೆ. ನಡುಕ ಹೆಚ್ಚಾಯಿತು.

"ಏನಾಯ್ತು?" ಕೇಳಿದೆ.

"ಸ್ವಲ್ಪ ರಕ್ತ ಬರ್ತಿದೆ. ನಿಲ್ಲಿಸ್ತಿದೀನಿ. ಇನ್ನೊಂದು ಹತ್ತು ನಿಮಿಷ ಜಾಸ್ತಿ."

"ಅದನ್ನೆಲ್ಲ ಹೇಳ್ಬೇಡಿ ಈಗ, ಗಾಬರಿ ಆಗ್ತಾರೆ" ನರ್ಸು ಪಿಸುಗುಟ್ಟಿದಳು.

ಹೇಳಿದೆ. ರಕ್ತ. ಸ್ವಲ್ಪ. ಟಾರ್ಚು ನಿಲ್ಲಿಸ್ತಿದ್ದಾಳೆ. ಹತ್ತು ನಿಮಿಷ. ಒಂದೊಂದನ್ನೂ ನಿಧಾನವಾಗಿ ಅವನ ಕೈಯೊಳಗೆ ಇಟ್ಟೆ.

ಒಂದು ದೊಡ್ಡ ಉಸಿರಿಗೆ ಎದೆಯ ಮೇಲಿನ ಬಟ್ಟೆ ಏರಿ ಇಳಿಯಿತು. ಹೆಬ್ಬೆರಳು ಎರಡು ಸಲ ಒತ್ತಿತು. ಕಾಲಿನ ನಡುಕ ನಿಂತಿತು.

"ಹಾಂ, ಹೀಗೇ ಇರ್ಲಿ" ಅಂದರು ಡಾಕ್ಟರು. ಅದನ್ನೂ ಹೇಳಿದೆ. ಆಮೇಲೆ ಅವರು ಅಂದದ್ದನ್ನೆಲ್ಲ ಹೇಳುತ್ತಲೇ ಹೋದೆ. ದಾರ. ಹೊಲಿಗೆ. ಕಿಂಡಿಯಿಂದ ನೀರು ಹರೀತಿದೆ. ಹೊಲಿಗೆ ಅಂದಾಗ ಅವನ ಬೆರಳು ನನ್ನ ಕೈಯೊಳಗೆ ಏನೋ ಕೇಳಿತು. ಅರ್ಥವಾಗಲು ಎರಡು ಸಲ ಬೇಕಾಯಿತು: ಒಳ ಹೊಲಿಗೆಯೋ ಹೊರ ಹೊಲಿಗೆಯೋ? ಸೋಫಾದವನ ಪ್ರಶ್ನೆ. ಡಾಕ್ಟರಿಗೆ ಹೇಳಿದೆ. ಮಾಸ್ಕಿನ ಹಿಂದೆ ಅವರು ನಕ್ಕದ್ದು ಕೇಳಿಸಿತು. "ಎರಡೂ ಅಂತ ಹೇಳಿ."

ಕೊನೆಗೆ ಸುತ್ತು ಬರೆದೆ.

ಜೂನ್ ೭, ಶುಕ್ರವಾರ

ಪಟ್ಟಿ ಬಿಚ್ಚಿದರು. ಕಣ್ಣು ಟೊಮೇಟೊ ಹಾಗಿದೆ. ಒತ್ತಡ ಇಳಿದಿದೆ. "ಬಚ್ಚಲು ಬಿಟ್ಟುಕೊಂಡಿತು" ಅಂತ ಅಪ್ಪ ಡಾಕ್ಟರಿಗೇ ಮಾಡಿ ತೋರಿಸಿದ. ನಾನು ಬಾಯಿ ತೆರೆಯುವ ಮುಂಚೆಯೇ ಅವರಿಗೆ ಅರ್ಥವಾಯಿತು.

ಜೂನ್ ೨೩, ಭಾನುವಾರ

ಹೋದದ್ದು ಹೋಗಿದೆ. ಎಡಗಡೆ ಏನಿದ್ದರೂ ಅಪ್ಪ ಹಕ್ಕಿಯ ಹಾಗೆ ತಲೆ ಪೂರ್ತಿ ತಿರುಗಿಸಿ ನೋಡುತ್ತಾನೆ. ಉಳಿದದ್ದು ಹೀಗೇ ಉಳಿಯಬಹುದು ಅಂದಿದ್ದಾರೆ ಡಾಕ್ಟರು. ಉಳಿಯಬಹುದು ಅಂತಲೇ ಅವನಿಗೆ ಹೇಳಿದ್ದೇನೆ. ಇನ್ನು ಸ್ವಲ್ಪ ದಿನಕ್ಕೆ ಅಂಗಡಿಗೂ ಹೋಗಬಹುದು. ಭಾರ ಎತ್ತುವಂತಿಲ್ಲ.

ಸಂಜೆ ಟೀ ಮಾಡಿಕೊಂಡು ಅವನ ಮುಂದೆ ಮೊಣಕಾಲಿಗೆ ಮೊಣಕಾಲು ತಗಲುವ ಹಾಗೆ ಕೂತೆ. ಅಷ್ಟು ಹತ್ತಿರ ಕೂತು ಅದೇನು ಮಾತೋ ಅಂತ ಅತ್ತೆ ಮೊನ್ನೆ ಕೇಳುತ್ತಿದ್ದಳು.

"ಆವತ್ತು ನಿನ್ನ ಕೈ ಐಸಿನ ಹಾಗಿತ್ತು" ಅಂದ ಅಪ್ಪ. "ಡಾಕ್ಟರು ಹೇಳಿದ್ದೆಲ್ಲ ಹೇಳಿದೆ. ನಿನಗೇನಾಗ್ತಿತ್ತು ಅಂತ ಹೇಳಲಿಲ್ಲ."

"ಏನಿಲ್ಲ" ಅನ್ನಲು ಕೈ ಎತ್ತಿದವಳು ಹಾಗೇ ನಿಲ್ಲಿಸಿದೆ.

"ಕಾಲು ನಡುಗ್ತಿತ್ತು ಅಪ್ಪ" ಅಂದೆ. "ನಿನ್ನದಕ್ಕಿಂತ ಜೋರಾಗಿ. ಸ್ಟೂಲಿಂದ ಬಿದ್ದುಬಿಡ್ತೀನಿ ಅಂತ ಹೆದರಿಕೆ ಆಗಿತ್ತು."

"ಆಮೇಲೆ?"

ಆಮೇಲೆ ಹೇಳುತ್ತ ಹೋದೆ. ರಕ್ತ ಅಂದ ಕೂಡಲೇ ಅಮ್ಮನ ಕೊನೆಯ ದಿನ ನೆನಪಾದದ್ದು. ಲಿಫ್ಟಿನ ಕೆಲಸ ಸಾಕಾಗಿರುವುದು. ಕಿವಿ ಕೇಳದವರ ಜೊತೆ ಡಾಕ್ಟರ ಕೋಣೆಗೆ ಹೋಗಿ ಅರ್ಥ ಹೇಳಲು ಯಾರಾದರೂ ಬೇಕಾಗಿದ್ದಾರೆ ಅಂತ ಡಾಕ್ಟರು ಅಂದದ್ದು, ನನಗೆ ಆಗುತ್ತದೋ ಇಲ್ಲವೋ ಅನ್ನುವ ಅಳುಕು. ಅಪ್ಪ ನಡುವೆ ಬಾಯಿ ಹಾಕಲಿಲ್ಲ, ಅಂದರೆ ಕೈ ಹಾಕಲಿಲ್ಲ. ಟೀಯ ಮೇಲೆ ಕೆನೆ ಕಟ್ಟಿತು.

ಮೀಸೆ ಮಾಮ ಯಾವಾಗ ಬಂದನೋ ಗೊತ್ತಿಲ್ಲ. ಅಪ್ಪನ ಎಡಗಡೆ ನಿಂತಿದ್ದನಂತೆ. ಅಪ್ಪನಿಗೆ ಆ ಕಡೆ ಕಾಣುವುದಿಲ್ಲ, ನಾನು ಅಪ್ಪನನ್ನು ಬಿಟ್ಟು ಬೇರೆ ಏನನ್ನೂ ನೋಡುತ್ತಿರಲಿಲ್ಲ. ಕೊನೆಗೆ ಅವನೇ ಮುಂದೆ ಬಂದು ಕುರ್ಚಿ ಎಳೆದುಕೊಂಡು ಕೂತ.

"ಇಷ್ಟು ಹೊತ್ತಿಂದ ಯಾರ ಮಾತು ಹೇಳ್ತಿದಾಳೆ? ಟಾರ್ಚುದಾ?" ಅಂತ ಅಪ್ಪನನ್ನು ಕೇಳಿದ.

"ಅಲ್ಲ" ಅಂದ ಅಪ್ಪ. "ಅವಳದ್ದೇ."

ಮಾಮ ಸರಿ ಅಂತ ತಲೆಯಾಡಿಸಿ ನನ್ನ ಕಡೆ ತಿರುಗಿ ಕೂತ. ನಾನು ಎಲ್ಲಿಗೆ ನಿಲ್ಲಿಸಿದ್ದೆನೋ ಅಲ್ಲಿಂದ ಮುಂದುವರಿಸಿದೆ.